ಎಂಸಿಎ: ಕಡಿತವಾದ ವರ್ಷದ ಹೊರೆ ಯಾರಿಗೆ?

ಉನ್ನತ ಶಿಕ್ಷಣದಲ್ಲಿ ಪದವಿಯ ಅವಧಿಯನ್ನು ಬದಲಿಸುವುದು ಸುಲಭ. ಬದಲಾವಣೆಯ ಹೊರೆ ಯಾರ ಮೇಲೆ ಬೀಳುತ್ತದೆಂದು ಲೆಕ್ಕ ಹಾಕುವುದು ಕಷ್ಟ. ಗಣಕವಿಜ್ಞಾನ ವಿಭಾಗಗಳ ಇತ್ತೀಚಿನ ಚರಿತ್ರೆ ಇದಕ್ಕೆ ನಿದರ್ಶನ.

ಹಿಂಡಲಗಾದಂಥ ಊರುಗಳ ವಿದ್ಯಾರ್ಥಿಗಳು ಒಂದು ಕಾಲಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನೇ ಅವಲಂಬಿಸಿದ್ದರು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಖಾನಾಪುರ ರಸ್ತೆಯ ಮಚ್ಛೆಯಲ್ಲೊಂದು, ಭೂತರಾಮನಹಟ್ಟಿಯಲ್ಲೊಂದು. ಗಣಕವಿಜ್ಞಾನದ ಉನ್ನತ ವ್ಯಾಸಂಗ ಮನೆಬಾಗಿಲಿಗೆ ಬಂದಿತು.

ಇದರಲ್ಲಿ ಎಂಸಿಎ ಪದವಿಯ ಪಾತ್ರ ವಿಶಿಷ್ಟ. 1980ರ ದಶಕದಲ್ಲಿ ದೇಶದಲ್ಲಿ ಬೇರೂರಿದ ಈ ಕೋರ್ಸ್ ಮೂರು ವರ್ಷಗಳದ್ದಾಗಿತ್ತು. ಗಣಿತ ಓದಿದ ಬಿಎಸ್ಸಿ, ಬಿಕಾಂ ಪದವೀಧರರಿಗೆ ಮೊದಲ ವರ್ಷ ತಳಪಾಯ ಹಾಕಿಕೊಡುತ್ತಿತ್ತು. ಬಿಸಿಎ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದಿತ್ತು. 2020–21ರಿಂದ ಅವಧಿ ಎಲ್ಲರಿಗೂ ಎರಡೇ ವರ್ಷ. ಬೇರೆ ವಿಷಯ ಓದಿ ಬಂದವರಿಗೆ ಸೇತುಬಂಧ ಕೋರ್ಸ್ ನಡೆಸುವ ಹೊಣೆ ವಿಶ್ವವಿದ್ಯಾಲಯಗಳ ಪಾಲಿಗೆ ಬಂದಿದೆ.

ಇತ್ತ ಬಿಸಿಎ ಸಹ ಸ್ಥಿರವಾಗಿ ಉಳಿಯಲಿಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆ ಬಂದಿತು. 2024–25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷಗಳ ಪದ್ಧತಿಗೆ ಮರಳಿತು.

ಒಂದು ವರ್ಷ ಉಳಿದರೆ ಶುಲ್ಕ ಉಳಿಯುತ್ತದೆ, ಸಂಪಾದನೆ ಬೇಗ ಆರಂಭವಾಗುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಅಲ್ಲಗಳೆಯಲಾರೆ. ಬಿಸಿಎ ಪದವೀಧರರ ಮಟ್ಟಿಗೆ ಹೊಸ ವ್ಯವಸ್ಥೆಯಿಂದ ನಷ್ಟವೇನೂ ಇಲ್ಲ. ಆದರೆ ಹಳ್ಳಿಯ ಕಾಲೇಜಿನಲ್ಲಿ ಬಿಕಾಂ ಓದಿ, ಪ್ರೋಗ್ರಾಮಿಂಗ್ ಅನ್ನು ಮೊದಲ ಬಾರಿಗೆ ಕಲಿಯಹೊರಟವರ ಸ್ಥಿತಿ ಬೇರೆ. ವಿಶ್ವವಿದ್ಯಾಲಯ ಕಲಿಸದಿದ್ದುದನ್ನು ಅವರು ಖಾಸಗಿ ತರಬೇತಿ ಕೇಂದ್ರದಲ್ಲಿ ಹಣ ತೆತ್ತು ಕಲಿಯಬೇಕಾಗುತ್ತದೆ. ಅಂದರೆ ಸಾರ್ವಜನಿಕ ಸಂಸ್ಥೆ ಭರಿಸುತ್ತಿದ್ದ ವೆಚ್ಚ ಕುಟುಂಬದ ಹೆಗಲಿಗೆ ವರ್ಗಾವಣೆಯಾಗುತ್ತದೆ. ಹಣವಿಲ್ಲದವರು ಹಿಂದೆ ಬೀಳುತ್ತಾರೆ.

ಆದ್ದರಿಂದ ಸೇತುಬಂಧ ಕೋರ್ಸ್ ಕಾಗದದ ಮೇಲಿನ ವಿಧಿಯಾಗಬಾರದು. ಮೊದಲ ಸೆಮಿಸ್ಟರ್‌ಗೆ ಮುನ್ನವೇ, ಪ್ರತ್ಯೇಕ ಶುಲ್ಕವಿಲ್ಲದೆ, ನಿಗದಿತ ವೇಳಾಪಟ್ಟಿ, ಪ್ರಯೋಗಾಲಯ ಹಾಗೂ ಕಾಯಂ ಅಧ್ಯಾಪಕರೊಂದಿಗೆ ಅದು ನಡೆಯಬೇಕು. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ. ವಿವರಣೆ ಕನ್ನಡದಲ್ಲಿ, ಗಡಿಭಾಗದ ಅಗತ್ಯಕ್ಕೆ ತಕ್ಕಂತೆ ಮರಾಠಿಯಲ್ಲೂ ದೊರೆಯಲಿ. ಅವಧಿಯನ್ನು ಮತ್ತೆ ಬದಲಿಸುವುದಿದ್ದರೆ ವಿದ್ಯಾರ್ಥಿಗಳಿಗೆ ಕನಿಷ್ಠ ಎರಡು ವರ್ಷ ಮುಂಚಿತವಾಗಿ ತಿಳಿಸಬೇಕು. ವಿಶ್ವವಿದ್ಯಾಲಯಗಳನ್ನು ಬೆಳಗಾವಿಗೆ ತಂದ ಉದ್ದೇಶ ಈಡೇರುವುದು ಅವುಗಳ ಬಾಗಿಲು ಇಂಥ ವಿದ್ಯಾರ್ಥಿಗಳಿಗೂ ತೆರೆದಿದ್ದಾಗ ಮಾತ್ರ.