ಕೂಸು ಹಳದಿ ಆತಂತ ಹಾಲು ಬಿಡಿಸಬ್ಯಾಡ್ರಿ

ರೋಣ, ನರಗುಂದ, ಗಜೇಂದ್ರಗಡದ ಗೆಳೆಯರ, ಗೆಳತ್ಯಾರ, ಈ ಸಲದ ಮಾತು ಮದುವಿ ಆದವರಿಗಷ್ಟ ಅಲ್ಲ, ನಮಗೂ ಐತಿ.

ಅಕ್ಕನೋ ವೈನಿನೋ ಹೆರಿಗಿ ಆಗಿ ಮನಿಗೆ ಬಂದಿರ್ತಾರ. ಮೂರನೇ ದಿನಕ್ಕ ಕೂಸಿನ ಕಣ್ಣು, ಮೈ ಹಳದಿ ಕಾಣತಾವು. "ಕಾಮಣಿ ಆಗೇತಿ, ತಾಯಿ ಹಾಲು ಬಂದ್ ಮಾಡ್ರಿ, ಸಕ್ಕರಿ ನೀರು ಕುಡಸ್ರಿ" ಅಂತ ಯಾರರ ಒಬ್ಬರು ಅಂದ ಅಂತಾರ. ಆವಾಗ "ಬ್ಯಾಡ" ಅನ್ನಬೇಕಾದವರು ನಾವ.

ಯಾಕಂದ್ರ ವಿಷಯ ಪೂರ್ತಿ ಉಲ್ಟಾ ಐತಿ. ಹಳೇ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟತೈತಿ. ಕೂಸಿನ ಲಿವರ್ ಇನ್ನೂ ಎಳೇದು, ಅದನ್ನ ಲಗೂನ ಸಾಗಹಾಕಾಕ ಆಗೂದಿಲ್ಲ. ಅದು ಹೆಚ್ಚಾಗಿ ಹೊರಗ ಹೋಗೂದು ಸಂಡಾಸದ ಜೋಡಿ. ಹಾಲು ಕುಡಿದ್ರ ತಾನ ಸಂಡಾಸ ಆಗೂದು? ಹಾಲು ಕಡಿಮಿ ಬಿದ್ರ ಆ ಹಳದಿ ಕರುಳಿನಿಂದ ತಿರುಗಿ ರಕ್ತಕ್ಕ ಸೇರತೈತಿ. ಅದಕ್ಕ ದಿನಕ್ಕ 8ರಿಂದ 12 ಸಲ, ಮಲಗಿದ್ರೂ ಎಬ್ಬಿಸಿ, ಎದಿಹಾಲು ಕುಡಿಸಬೇಕು. ಸಕ್ಕರಿ ನೀರು, ಜೇನುತುಪ್ಪ, ಬಜಿ ಯಾವ್ದೂ ಬ್ಯಾಡ. ಬರಿ ಹಾಕೂದಂತೂ ಬ್ಯಾಡೇ ಬ್ಯಾಡ.

ತಾಯಿ ಹಾಲಿನ ಜೋಡಿ ಬರೂ ಕಾಮಣಿನೂ ಒಂದೈತಿ, ಖರೆ. ಅದು ಮೊದಲ ವಾರ ದಾಟಿದ ಮ್ಯಾಲೂ ಉಳಿಯೂದು. ಕೂಸು ಚಲೋ ಕುಡಕೋತ, ತೂಕ ಏರಕೋತ ಇದ್ರ ಅದಕ್ಕೂ ಸಾಮಾನ್ಯವಾಗಿ ಡಾಕ್ಟರು ಹಾಲು ಬಿಡಿಸೂದಿಲ್ಲ.

ಹಂಗಂತ ಹಾಲೊಂದ ಸಾಕು ಅಂತ ಸುಮ್ಮನ ಕೂಡಬ್ಯಾಡ್ರಿ. ತಿಂಗಳು ತುಂಬಿ ಹುಟ್ಟಿದ ಕೂಸುಗಳಾಗ 100ಕ್ಕ 60ರಷ್ಟಕ್ಕ ಹಳದಿ ಕಾಣಿಸ್ಕೋತೈತಿ, ಬಹಳಷ್ಟಕ್ಕ ಎರಡು ವಾರದಾಗ ಇಳಿಯತೈತಿ. ಆದ್ರ ಬಿಲಿರುಬಿನ್ ವಿಪರೀತ ಏರಿದ್ರ ಮಿದುಳಿಗೆ, ಕಿವಿಗೆ ಕಾಯಂ ಪೆಟ್ಟು. ಹುಟ್ಟಿದ 24 ತಾಸಿನ್ಯಾಗ ಹಳದಿ ಆದ್ರ, ಅಂಗೈ ಅಂಗಾಲಿಗೆ ಇಳಿದ್ರ, ಕೂಸು ಹಾಲು ಚೀಪದಿದ್ರ, ಎಬ್ಬಿಸಿದ್ರೂ ಏಳದಿದ್ರ, ಸಂಡಾಸ ಬೆಳ್ಳಗ ಆದ್ರ, ತಡಾ ಮಾಡದ ದವಾಖಾನಿಗೆ ಹೋಗ್ರಿ. ಬಾಣಂತಿ ಕ್ವಾಣಿ ಕತ್ತಲಿರತೈತಿ, ಅಲ್ಲಿ ಬಣ್ಣ ತಿಳಿಯೂದಿಲ್ಲ. ಹಗಲು ಬೆಳಕಿನ್ಯಾಗ ಎದಿ ಮ್ಯಾಲಿನ ಚರ್ಮ ಬೆರಳಿಂದ ಮೆತ್ತಗ ಒತ್ತಿ, ಬಿಟ್ಟು ನೋಡ್ರಿ.

"ಕೂಸಿನ್ನ ಪೆಟ್ಟಿಗ್ಯಾಗ ಇಟ್ಟಾರ" ಅಂದ್ರ ಮನಿಮಂದಿ ಅಳಾಕ ಶುರು ಮಾಡ್ತಾರ. ಅದು ನೀಲಿ ಬೆಳಕು, ಅಷ್ಟ. 1956ರಾಗ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರ್ಯಾಗ ಒಬ್ಬ ನರ್ಸ್, ಬಿಸಿಲು ಬಿದ್ದಲ್ಲಿ ಕೂಸಿನ ಹಳದಿ ಮಾಸಿದ್ದನ್ನ ಗಮನಿಸಿದ್ರು. ಈ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಆದ್ರ ಮನಿ ಬಿಸಿಲು ಅದಕ್ಕ ಬದಲಿ ಅಲ್ಲ. ಬೆಳಕಿನ ಕೆಳಗ ಇಟ್ಟಾಗೂ ನಡುವ ತಗೊಂಡು ಹಾಲು ಕುಡಿಸ್ತಾರ.

ರೊಕ್ಕದ ಚಿಂತಿ ಇದ್ರ ಇದು ತಿಳಕೋರಿ: 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಾಗ ಸರಕಾರಿ ದವಾಖಾನ್ಯಾಗ ನವಜಾತ ಕೂಸಿನ ಚಿಕಿತ್ಸೆ ಪುಕ್ಕಟೆ, ಗಾಡಿನೂ ಪುಕ್ಕಟೆ. ಆಶಾ ಅಕ್ಕಾರು 3ನೇ ದಿನ, 7ನೇ ದಿನ ಮನಿಗೆ ಬರ್ತಾರ. ಕೂಸಿನ್ನ ಅವರಿಗೆ ತೋರಿಸ್ರಿ.

ಬಾಣಂತಿಗೆ "ನಿನ್ನ ಹಾಲ ಕೆಟ್ಟೈತಿ" ಅಂದ್ರ ಆಕಿ ಕುಗ್ಗತಾಳ, ಕೂಸು ಹಸಿಯತೈತಿ, ಕಾಮಣಿ ಏರತೈತಿ. ಅಜ್ಜಿ ಜೋಡಿ ಜಗಳಾ ಬ್ಯಾಡ. "ಅಮ್ಮಾ, ಮೊದಲ ರಕ್ತ ತಪಾಸಣಿ ಮಾಡಸೋಣ, ಅಲ್ಲೀತನಾ ಹಾಲು ಕುಡೀಲಿ" ಅನ್ರಿ. ಅಷ್ಟಂದ್ರೂ ಸಾಕು.

ನಿಮ್ಮ ಮನ್ಯಾಗ ಕೂಸಿಗೆ ಕಾಮಣಿ ಆದ್ರ ಏನು ಮಾಡ್ತಾರ? ಕಮೆಂಟಿನ್ಯಾಗ ಬರೀರಿ.

#ರೋಣ #ನರಗುಂದ #ಗಜೇಂದ್ರಗಡ #ಎದಿಹಾಲು