ಡಬ್ಬಿಯ ಮೇಲಿನ ‘ಎಲ್ಲ’

‘ಮಲ್ಟಿ ಪ್ಲಾಟ್‌ಫಾರ್ಮ್’ ಎಂಬ ಮಾತನ್ನು ನಾನು ನಂಬುವುದಿಲ್ಲ. ವೈರ್‌ಲೆಸ್ ಗೇಮ್ ಕಂಟ್ರೋಲರ್‌ನ ಡಬ್ಬಿಯ ಮೇಲೆ ವಿಂಡೋಸ್, ಆಂಡ್ರಾಯ್ಡ್, ಸ್ವಿಚ್, ಪ್ಲೇಸ್ಟೇಷನ್ ಎಂದು ನಾಲ್ಕು ಹೆಸರು ಸಾಲಾಗಿ ಅಚ್ಚಾಗಿರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಹಸಿರು ಟಿಕ್. ಯೂಟ್ಯೂಬಿನ ವಿಮರ್ಶಕ ಆ ಡಬ್ಬಿಯನ್ನು ಕ್ಯಾಮೆರಾ ಮುಂದೆ ಬಿಚ್ಚುತ್ತಾನೆ, ಟಿಕ್‌ಗಳನ್ನು ಓದಿ ಹೇಳುತ್ತಾನೆ, ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಟ್ಟು, ಕೊಳ್ಳುವ ಲಿಂಕ್ ಕೆಳಗಿದೆ ಎಂದು ಬೆರಳು ತೋರಿಸಿ ಹೋಗುತ್ತಾನೆ. ಇದನ್ನು ಕನ್ನಡದಲ್ಲಿ ‘ವಿಮರ್ಶೆ’ ಎಂದು ಕರೆಯುತ್ತಿದ್ದೇವೆ. ನನ್ನ ತಕರಾರು ಅಲ್ಲಿಂದಲೇ ಶುರು.

ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡುವ, ನಮ್ಮ ಬಳ್ಳಾರಿಯಲ್ಲಿ ಎಲ್ಲರೂ ‘ರಿಮೋಟ್’ ಎಂದೇ ಕರೆಯುವ ಈ ವಸ್ತುವಿನ ಬಗ್ಗೆ ಸಾಹಿತ್ಯದ ಪತ್ರಿಕೆಯಲ್ಲಿ ಬರೆಯುವುದೇ ಎಂದು ಮೂಗು ಮುರಿಯುವವರು ಇರುತ್ತಾರೆ, ಗೊತ್ತು. ನಾನು ಸಂಶೋಧನೆ ಮಾಡುತ್ತಿರುವುದು ವೃತ್ತಿ ರಂಗಭೂಮಿಯ ನಾಟಕ ವಿಮರ್ಶೆಗಳ ಮೇಲೆ. ಪುಕ್ಕಟೆ ಪಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಮೊದಲ ಅಂಕ ಮುಗಿಯುವುದರೊಳಗೆ ಎದ್ದು ಹೋದವನ ಬರಹಕ್ಕೂ, ಕಾಸು ಕೊಟ್ಟು ನೆಲದ ಮೇಲೆ ಕೂತು ಮಂಗಳದವರೆಗೆ ನೋಡಿದವನ ಬರಹಕ್ಕೂ ಇರುವ ಅಂತರ ಏನೆಂದು ಹುಡುಕುವುದೇ ನನ್ನ ಕೆಲಸದ ಅರ್ಧ ಭಾಗ. ಯಾರು ನೋಡಿದರು, ಎಲ್ಲಿ ಕೂತು ನೋಡಿದರು, ಎಷ್ಟು ಹೊತ್ತು, ಯಾರ ದುಡ್ಡಿನಲ್ಲಿ? ನಾಟಕಕ್ಕೆ ಕೇಳುವ ಈ ಪ್ರಶ್ನೆಯನ್ನು ಪ್ಲಾಸ್ಟಿಕ್ಕಿಗೆ ಕೇಳಬಾರದು ಎಂದು ಯಾವ ಮೀಮಾಂಸೆಯೂ ಹೇಳಿಲ್ಲ.

ನಾವು ಆರು ಜನ ಸೇರಿ ಎರಡು ಸಾವಿರದ ಎಂಟುನೂರು ರೂಪಾಯಿಗೆ ಒಂದು ಕಂಟ್ರೋಲರ್ ತೆಗೆದುಕೊಂಡೆವು. ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ಹತ್ತಿರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ನಾಲ್ಕಾರು ಫೋನು, ಒಬ್ಬನ ಮಾವನ ಮಗ ಬಿಟ್ಟುಹೋದ ಹಳೆಯ ಪಿಎಸ್4, ಇನ್ನೊಬ್ಬ ಬೆಂಗಳೂರಿನ ಆಮದು ವ್ಯಾಪಾರಿಯಿಂದ ತಂದ ನಿಂಟೆಂಡೊ ಸ್ವಿಚ್. ಒಂದೊಂದಕ್ಕೆ ಒಂದೊಂದು ಕಂಟ್ರೋಲರ್ ಕೊಳ್ಳಲು ಫೆಲೋಶಿಪ್ಪು ತಿಂಗಳು ತಿಂಗಳು ಬರಬೇಕಲ್ಲ. ಹಾಗಾಗಿ ‘ಎಲ್ಲಕ್ಕೂ ಆಗುವ ಒಂದು’ ಎಂಬುದು ಶೋಕಿಯಲ್ಲ, ದುಡ್ಡಿಲ್ಲದವರ ಲೆಕ್ಕಾಚಾರ. ಆ ಡಬ್ಬಿಯ ಮೇಲಿನ ಸುಳ್ಳು ಮೊದಲು ಹೊಡೆಯುವುದೂ ಇವರನ್ನೇ. ದುಡ್ಡಿದ್ದವನು ಪ್ರತಿ ಯಂತ್ರಕ್ಕೂ ಅದರದೇ ಕಂಪನಿಯ ಕಂಟ್ರೋಲರ್ ಇಟ್ಟುಕೊಂಡಿರುತ್ತಾನೆ. ಅವನಿಗೆ ಈ ಲೇಖನವೇ ಬೇಕಿಲ್ಲ.

ಟಿಕ್ ಎಂದರೆ ಏನು? ಬಟನ್ ಒತ್ತಿದರೆ ಪರದೆಯ ಮೇಲೆ ಏನೋ ಒಂದು ಆಗುತ್ತದೆ, ಅಷ್ಟೇ. ವಿಂಡೋಸಿನಲ್ಲಿ ಬಹುಪಾಲು ಆಟಗಳು ನಿರೀಕ್ಷಿಸುವುದು ಮೈಕ್ರೋಸಾಫ್ಟ್ ರೂಪಿಸಿದ ಎಕ್ಸ್‌ಇನ್‌ಪುಟ್ ಎಂಬ ಪದ್ಧತಿಯನ್ನು. ಅದರಲ್ಲಿ ಕಂಟ್ರೋಲರನ್ನು ವಾಲಿಸಿ ಗುರಿಯಿಡುವ ಚಲನೆಯ ಸೆನ್ಸರ್‌ಗೆ ಜಾಗವೇ ಇಲ್ಲ. ಡಬ್ಬಿಯ ಒಂದು ಮೂಲೆಯಲ್ಲಿ ‘ಮೋಷನ್ ಸೆನ್ಸರ್ ಇದೆ’, ಇನ್ನೊಂದು ಮೂಲೆಯಲ್ಲಿ ‘ವಿಂಡೋಸಿಗೆ ಆಗುತ್ತದೆ’ ಎಂದು ಇರುತ್ತದೆ. ಎರಡೂ ನಿಜ. ಎರಡೂ ಒಟ್ಟಿಗೆ ನಿಜವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕಂಟ್ರೋಲರ್ ನಡುಗುವುದು ಆಟದ ಮೇಲೆ, ಫೋನಿನ ಮೇಲೆ, ಅದೃಷ್ಟದ ಮೇಲೆ ನಿಂತಿದೆ. ‘ಪ್ಲೇಸ್ಟೇಷನ್’ ಎಂಬ ಟಿಕ್ ಎಲ್ಲಕ್ಕಿಂತ ಜಾಣತನದ್ದು. ಸಣ್ಣ ಅಕ್ಷರದಲ್ಲಿ ನೋಡಿದರೆ ಅದು ಪಿಎಸ್4 ಮಾತ್ರ. ಪಿಎಸ್5ಕ್ಕೆಂದೇ ಮಾಡಿದ ಆಟಗಳಿಗೆ ಸೋನಿಯದೇ ಹಿಂದಿನ ಡ್ಯುಯಲ್‌ಶಾಕ್ 4 ಕೂಡ ಆಗುವುದಿಲ್ಲ. 2020ರಲ್ಲಿ ಹೊಸ ಯಂತ್ರ ಬರುವ ಮುಂಚೆಯೇ ಸೋನಿ ಅದನ್ನು ಹೇಳಿತ್ತು: ಹಳೆಯ ಕಂಟ್ರೋಲರ್ ಹಳೆಯ ಆಟಗಳಿಗೆ. ಸ್ವಂತ ಮಗುವನ್ನೇ ಬಾಗಿಲ ಹೊರಗೆ ನಿಲ್ಲಿಸುವ ಮನೆಯಲ್ಲಿ ಪಕ್ಕದ ಮನೆಯವನಿಗೆ ಮಣೆ ಹಾಕುತ್ತಾರೆಯೇ?

ಹಾಗಾದರೆ ಈ ಕಂಟ್ರೋಲರ್‌ಗಳು ಹೇಗೆ ನಡೆಯುತ್ತವೆ? ವೇಷ ಹಾಕಿ. ನಮ್ಮ ಕಡೆ ಹಗಲುವೇಷದವರು ಬರುತ್ತಾರಲ್ಲ, ಹಾಗೆ. ಆನ್ ಮಾಡುವಾಗ ಒಂದು ಬಟನ್ ಜೋಡಿ ಒತ್ತಿ ಹಿಡಿದರೆ ಅದು ಸ್ವಿಚ್‌ಗೆ ‘ನಾನು ನಿಂಟೆಂಡೊದ ಪ್ರೊ ಕಂಟ್ರೋಲರ್’ ಎನ್ನುತ್ತದೆ. ಇನ್ನೊಂದು ಜೋಡಿ ಒತ್ತಿದರೆ ಲ್ಯಾಪ್‌ಟಾಪಿಗೆ ‘ನಾನು ಎಕ್ಸ್‌ಬಾಕ್ಸಿನದು’ ಎನ್ನುತ್ತದೆ. ಇದನ್ನು ನಾನು ಮೋಸ ಎನ್ನುವುದಿಲ್ಲ. ಬಾಗಿಲು ಮುಚ್ಚಿದವರ ಎದುರು ವೇಷ ಹಾಕುವುದು ಬದುಕುವ ಕಲೆ. ಆದರೆ ಒಳಗಿನವನು ಯಾವತ್ತು ಬೇಕಾದರೂ ವೇಷ ಹಿಡಿಯಬಲ್ಲ. ಯಂತ್ರದ ತಂತ್ರಾಂಶ ಒಂದು ರಾತ್ರಿ ಅಪ್‌ಡೇಟ್ ಆಯಿತೆಂದರೆ ನಿನ್ನೆವರೆಗೆ ಆಡುತ್ತಿದ್ದದ್ದು ಇವತ್ತು ಅಪರಿಚಿತ.

ಇದು ಊಹೆಯಲ್ಲ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಯಂತ್ರಗಳಲ್ಲಿ ತಾನು ಅನುಮತಿ ಕೊಡದ ಕಂಟ್ರೋಲರ್ ಮತ್ತು ಅಡಾಪ್ಟರ್‌ಗಳಿಗೆ ತಡೆ ಹಾಕಿತು. ಜೋಡಿಸಿದರೆ ಪರದೆಯ ಮೇಲೆ ಎಚ್ಚರಿಕೆ, ಕೆಲವೇ ದಿನಗಳ ಗಡುವು, ಆಮೇಲೆ ಬಂದ್. ವಸ್ತು ಕೆಟ್ಟಿರಲಿಲ್ಲ, ಬಟನ್ ಸವೆದಿರಲಿಲ್ಲ, ಕೊಂಡವರು ದುಡ್ಡು ಕೊಟ್ಟೇ ಕೊಂಡಿದ್ದರು. ಆಗ ಮೊದಲು ದನಿಯೆತ್ತಿದವರಲ್ಲಿ ಅಂಗವಿಕಲ ಆಟಗಾರರಿದ್ದರು. ತಮ್ಮ ಕೈಗೆ ಒಗ್ಗುವ ಬೇರೆ ಸಾಧನವನ್ನು ಅಡಾಪ್ಟರ್ ಮೂಲಕ ಜೋಡಿಸಿ ಆಡುತ್ತಿದ್ದವರು ಅವರು. ಇದೇ ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬ ಒಳ್ಳೆಯ ಸಾಧನವನ್ನು ಅಂಥವರಿಗಾಗಿಯೇ ತಂದಿತ್ತು ಎಂಬುದನ್ನೂ ಹೇಳಬೇಕು. ಸೋನಿ 2023ರ ಡಿಸೆಂಬರ್‌ನಲ್ಲಿ ತನ್ನದೊಂದು ತಂದಿತು, ಆಕ್ಸೆಸ್ ಎಂದು ಅದರ ಹೆಸರು, ಅದು ಪಿಎಸ್5ಕ್ಕೆ. ದಾನವೂ ಅವರವರ ಕಾಂಪೌಂಡಿನೊಳಗೇ.

ನಮ್ಮ ಆರು ಜನರಲ್ಲಿ ಒಬ್ಬ ಸಿರುಗುಪ್ಪದವನು. ಅಕ್ಕಿ ಗಿರಣಿಯ ಬೆಲ್ಟಿಗೆ ಎಡಗೈಯ ಎರಡು ಬೆರಳು ಕೊಟ್ಟವನು. ಕಂಟ್ರೋಲರ್‌ನ ಎಡ ಭುಜದ ಎರಡು ಬಟನ್ ಅವನಿಗೆ ಒಟ್ಟಿಗೆ ಒತ್ತಲಾಗದು. ನಾವು ತಂದದ್ದರ ಬೆನ್ನಿಗೆ ಎರಡು ಹೆಚ್ಚುವರಿ ಬಟನ್‌ಗಳಿವೆ. ಅವಕ್ಕೆ ಬೇಕಾದ ಕೆಲಸ ಹಚ್ಚಬಹುದು. ಅವನು ಎಡದ ಕೆಲಸವನ್ನು ಬಲಗೈಯ ನಡುಬೆರಳಿಗೆ ದಾಟಿಸಿಕೊಂಡ. ಮೂರು ದಿನದಲ್ಲಿ ನಮ್ಮೆಲ್ಲರನ್ನೂ ಕ್ರಿಕೆಟ್ ಆಟದಲ್ಲಿ ಸೋಲಿಸಿದ. ನಾನು ಓದಿದ, ನೋಡಿದ ಇಪ್ಪತ್ತಕ್ಕೂ ಹೆಚ್ಚು ವಿಮರ್ಶೆಗಳಲ್ಲಿ ಆ ಬೆನ್ನಿನ ಬಟನ್‌ಗಳ ಬಗ್ಗೆ ಇದ್ದದ್ದು ‘ಶೂಟಿಂಗ್ ಆಟಗಳಲ್ಲಿ ವೇಗ ಸಿಗುತ್ತದೆ’ ಎಂಬ ಒಂದೇ ಸಾಲು. ಹತ್ತು ಬೆರಳಿದ್ದವರು ಹತ್ತು ಬೆರಳಿದ್ದವರಿಗೆ ಬರೆದುಕೊಂಡದ್ದು.

ಬಟನ್‌ಗಳ ಮೇಲಿನ ಅಕ್ಷರಗಳ ಕತೆ ಬೇರೆ. ಎಕ್ಸ್‌ಬಾಕ್ಸಿನಲ್ಲಿ ‘ಎ’ ಕೆಳಗೆ, ‘ಬಿ’ ಬಲಕ್ಕೆ. ನಿಂಟೆಂಡೊದಲ್ಲಿ ಅದೇ ಎರಡು ಅದಲು ಬದಲು. ಪ್ಲೇಸ್ಟೇಷನ್ನಿನಲ್ಲಿ ಅಕ್ಷರವೇ ಇಲ್ಲ, ಆಕಾರಗಳು. ಜಪಾನಿನಲ್ಲಿ ವೃತ್ತ ಎಂದರೆ ‘ಹೌದು’, ಕತ್ತರಿ ಗುರುತು ಎಂದರೆ ‘ಬೇಡ’. ಹೊರಗೆ ಅದು ತಿರುವುಮುರುವಾಯಿತು. ಪಿಎಸ್5ರಿಂದ ಜಪಾನಿನವರೂ ಕತ್ತರಿ ಗುರುತನ್ನೇ ‘ಹೌದು’ ಎನ್ನಬೇಕಾಯಿತು. ಅಲ್ಲಿಯವರ ಹೆಬ್ಬೆರಳಿಗೆ ಇಪ್ಪತ್ತೈದು ವರ್ಷದ ಅಭ್ಯಾಸ ಹೋಯಿತು. ಅಜ್ಜಿಯ ಹತ್ತಿರ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ದಖನಿ ಆಡಿ ಬೆಳೆದ ಬಳ್ಳಾರಿಯವರಿಗೆ ಇದು ಅರ್ಥವಾಗುತ್ತದೆ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಸೇರಿತು. ನಾಲಗೆ ಮಾತ್ರ ಗೆರೆ ಎಳೆದಲ್ಲಿ ನಿಲ್ಲಲಿಲ್ಲ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದ ಬಳ್ಳಾರಿ ರಾಘವರನ್ನು ಯಾರೂ ‘ಮಲ್ಟಿ ಪ್ಲಾಟ್‌ಫಾರ್ಮ್’ ಎಂದು ಕರೆದು ಮುಗಿಸಲಿಲ್ಲ. ಕಂಟ್ರೋಲರ್ ವಿಷಯದಲ್ಲಿ ಕೇಳಬೇಕಾದದ್ದು ಇಷ್ಟು: ವೇಷ ಬದಲಿಸಿದಾಗ ‘ಎ’, ‘ಬಿ’ಗಳನ್ನೂ ಬದಲಿಸಿಕೊಳ್ಳಲು ಅದು ಬಿಡುತ್ತದೆಯೇ? ಬಿಡದಿದ್ದರೆ ಆಟ ಉಳಿಸಬೇಕಾದಲ್ಲಿ ಅಳಿಸಿರುತ್ತೀರಿ.

ಈಗ ಸ್ಟಿಕ್ಕಿಗೆ ಬರೋಣ. ನಮ್ಮದು ಐದನೇ ತಿಂಗಳಿಗೆ ತಾನಾಗಿ ಎಡಕ್ಕೆ ವಾಲತೊಡಗಿತು. ಮುಟ್ಟದಿದ್ದರೂ ಪರದೆಯ ಮೇಲಿನ ಮನುಷ್ಯ ಗೋಡೆಗೆ ಹೋಗಿ ತಲೆ ಹೊಡೆದುಕೊಳ್ಳುತ್ತಾನೆ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಒಳಗಿರುವುದು ಪೊಟೆನ್ಶಿಯೋಮೀಟರ್, ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಜಾತಿಯದು. ಕಾರ್ಬನ್ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತ ಸವೆಯುತ್ತದೆ, ಧೂಳು ಹೊಕ್ಕರೆ ಬೇಗ ಕೆಡುತ್ತದೆ. ಸಂಡೂರಿನ ಕಡೆಯಿಂದ ಅದಿರು ಲಾರಿಗಳ ಕೆಂಪು ಧೂಳನ್ನು ಉಸಿರಾಡುವ ಜಿಲ್ಲೆಗೆ ಇಂಥದ್ದನ್ನು ಮಾರುತ್ತಾರೆ. ಸವೆಯದ ಬಗೆಯೊಂದಿದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವ, ಆಯಸ್ಕಾಂತದ ಹಾಲ್ ಎಫೆಕ್ಟ್ ಸ್ಟಿಕ್. ಅದರಲ್ಲಿ ಅಳೆಯುವ ಭಾಗ ಯಾವುದಕ್ಕೂ ತಾಗುವುದೇ ಇಲ್ಲ. ಇದನ್ನು ಈಗ ಹೊಸ ಅವಿಷ್ಕಾರವೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕುತ್ತಾರೆ. ಸೆಗಾ ಕಂಪನಿ 1998ರಲ್ಲಿ ಬಂದ ತನ್ನ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇದನ್ನು ಬಳಸಿತ್ತು. ನಾನು ಹುಟ್ಟಿ ಒಂದೆರಡು ವರ್ಷಕ್ಕೆ ಗೊತ್ತಿದ್ದ ಪರಿಹಾರ! ಆಮೇಲೆ ದೊಡ್ಡ ಕಂಪನಿಗಳು ಬಹುಪಾಲು ಸವೆಯುವುದನ್ನೇ ಆರಿಸಿಕೊಂಡವು. ತಿಳಿಯದೆ ಆರಿಸಿಕೊಂಡರು ಎನ್ನಲು ನನಗೆ ಮನಸ್ಸಿಲ್ಲ.

ವಾರಂಟಿ ಇತ್ತು. ಸರ್ವಿಸ್ ಸೆಂಟರ್‌ಗೆ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಕೊರಿಯರ್ ಮಾಡಬೇಕು, ಮೂಲ ಡಬ್ಬಿಯೂ ಬೇಕು ಎಂದರು. ಡಬ್ಬಿಯಲ್ಲಿ ಒಬ್ಬನು ಟೀಪುಡಿ ಇಟ್ಟಿದ್ದ. ಕಡೆಗೆ ಹೋದದ್ದು ಮೊಬೈಲ್ ರಿಪೇರಿಯವರ ಹತ್ತಿರ. ಅವರು ತಿರುಪು ಬಿಚ್ಚಿ, ಭೂತಗನ್ನಡಿ ಹಿಡಿದು, “ಇದರದು ಸವದೈತಿ ನೋಡ್ರಿ. ಬ್ಯಾರೇದು ಹಾಕ್ತೀನಿ, ಆದ್ರ ಕಾಲು ಭಾಳ ಅದಾವ, ನಾಳೆ ಬರ್ರಿ” ಎಂದರು. ಬೆಸುಗೆಯ ಹದಿನಾಲ್ಕು ಕಾಲುಗಳನ್ನು ಬಿಡಿಸಿ ಹೊಸದು ಕೂರಿಸಿ ಇನ್ನೂರೈವತ್ತು ತೆಗೆದುಕೊಂಡರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲನ್ನೂ ತೆರೆಯಿತು. ನಮ್ಮ ಪಾಲಿಗೆ ಆ ಹಕ್ಕು ಇರುವುದು ಈ ಬೆಸುಗೆ ಕಡ್ಡಿಯ ತುದಿಯಲ್ಲಿ. ಯಾವ ವಿಮರ್ಶಕ ಕಂಟ್ರೋಲರ್ ಬಿಚ್ಚಿ ತೋರಿಸಿದ? ಸ್ಟಿಕ್ ಬೆಸುಗೆ ಹಾಕಿದ್ದೋ ಕೈಯಲ್ಲಿ ಕೀಳಬಹುದಾದದ್ದೋ ಎಂದು ಹೇಳಿದ? ಡಬ್ಬಿ ಬಿಚ್ಚುವುದಕ್ಕೇ ಅವರಿಗೆ ಹತ್ತು ನಿಮಿಷ ಬೇಕು.

ಬಿಚ್ಚಿದಾಗ ಇನ್ನೊಂದು ತಿಳಿಯಿತು. ಅದೇ ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಬೇರೆ ಹೆಸರಿನ, ಬೇರೆ ಬೆಲೆಯ ಕಂಟ್ರೋಲರ್ ಒಂದರ ಒಳಗಿನ ಹಲಗೆ ನಮ್ಮದರಂತೆಯೇ ಇತ್ತು. ತಿರುಪಿನ ಜಾಗವೂ ಬದಲಾಗಿರಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಕೌಲ್‌ಬಜಾರಿನ ಸಂದಿಗಳಲ್ಲಿ ಬೆಳೆದ ಹುಡುಗನಿಗೂ ಗೊತ್ತು, ಪ್ಯಾಂಟು ಒಂದು ಕಡೆ ಹುಟ್ಟುತ್ತದೆ, ಹೆಸರು ಇನ್ನೊಂದು ಕಡೆಯಿಂದ ಬಂದು ಸೊಂಟದ ಮೇಲೆ ಕೂರುತ್ತದೆ. ಲೇಬಲ್ ಹಚ್ಚುವುದನ್ನು ಕಣ್ಣಾರೆ ಕಂಡ ಊರಿನವರು ಕಂಟ್ರೋಲರ್ ಲೇಬಲ್ ಮುಂದೆ ಮಾತ್ರ ಯಾಕೆ ಕೈ ಮುಗಿಯಬೇಕು? ಎರಡು ಲೇಬಲ್‌ಗಳನ್ನು ಎದುರು ಬದುರು ನಿಲ್ಲಿಸಿ ‘ಯಾವುದು ಉತ್ತಮ’ ಎಂದು ಇಪ್ಪತ್ತು ನಿಮಿಷ ಎಳೆಯುವ ವಿಡಿಯೋಗಳು ಒಂದೇ ಹಲಗೆಯನ್ನು ಅದರ ಜೊತೆಗೇ ಹೋಲಿಸುತ್ತಿರಬಹುದು.

ಅಂಕಿಗಳ ಮರುಳೂ ಇದೆ. ‘ಸಾವಿರ ಹರ್ಟ್ಜ್ ಪೋಲಿಂಗ್’ ಎಂದರೆ ಸೆಕೆಂಡಿಗೆ ಸಾವಿರ ಸಲ ಕಂಟ್ರೋಲರ್ ತನ್ನ ಸ್ಥಿತಿ ತಿಳಿಸುತ್ತದೆ, ಮಿಲಿಸೆಕೆಂಡಿಗೊಮ್ಮೆ. 125 ಹರ್ಟ್ಜ್ ಆದರೆ ಎಂಟು ಮಿಲಿಸೆಕೆಂಡಿಗೊಮ್ಮೆ. ಸೆಕೆಂಡಿಗೆ 60 ಚೌಕಟ್ಟು ತೋರಿಸುವ ಪರದೆಯಲ್ಲಿ ಒಂದು ಚೌಕಟ್ಟೇ ಹದಿನಾರು ಮಿಲಿಸೆಕೆಂಡಿಗಿಂತ ಹೆಚ್ಚು. ಗೇಮ್ ಮೋಡ್ ಇಲ್ಲದ ಹಳೆಯ ಟಿವಿ ಇವೆಲ್ಲವನ್ನೂ ನುಂಗಿ ಇನ್ನಷ್ಟು ತಡ ಮಾಡುತ್ತದೆ. ಮೇಲಾಗಿ ಬ್ಲೂಟೂತ್, ಬಹುಪಾಲು ವೈಫೈ, ಕಂಟ್ರೋಲರ್ ಜೊತೆ ಬರುವ ಯುಎಸ್‌ಬಿ ಡಾಂಗಲ್ ಎಲ್ಲವೂ ಓಡಾಡುವುದು 2.4 ಗಿಗಾಹರ್ಟ್ಜ್‌ನ ಅದೇ ಓಣಿಯಲ್ಲಿ. ಮೂವತ್ತು ಹಾಟ್‌ಸ್ಪಾಟ್ ಉರಿಯುವ ಹಾಸ್ಟೆಲ್ಲಿನ ಸಂಜೆಯನ್ನು ಯಾವ ಪ್ರಯೋಗಶಾಲೆಯೂ ಅಳೆಯುವುದಿಲ್ಲ.

ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಸ್ವಯಂಪ್ರೇರಿತ, ಅಂದರೆ ಇಷ್ಟವಿದ್ದವರು ಪಾಲಿಸಬಹುದು. ಪುಕ್ಕಟೆ ಪಡೆದ ವಸ್ತುವನ್ನು ಪುಕ್ಕಟೆ ಎಂದು ಹೇಳಲೇಬೇಕೆಂಬ ಜಾಹೀರಾತು ನಿಯಮಗಳೂ ಇವೆ. ಹೇಳುತ್ತಾರೆ, ವಿಡಿಯೋದ ಮೂಲೆಯಲ್ಲಿ ಎರಡು ಸೆಕೆಂಡು. ನನಗೆ ಬೇಕಾದದ್ದು ಅದಕ್ಕಿಂತ ಸರಳ: ಆರು ತಿಂಗಳ ನಂತರ ಅದೇ ವಸ್ತುವಿನ ಬಗ್ಗೆ ಇನ್ನೊಂದು ಸಲ ಬರೆಯಿರಿ. ಬರೆಯುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವರ ಮೇಜಿಗೆ ಹೊಸ ಡಬ್ಬಿ ಬಂದಿರುತ್ತದೆ. ಕನ್ನಡದಲ್ಲಿ ಮಾಡುತ್ತಿರುವ ನಾಲ್ಕಾರು ಹುಡುಗರೂ ಇಂಗ್ಲಿಷಿನ ಅದೇ ಡಬ್ಬಿಯನ್ನು ಕನ್ನಡದಲ್ಲಿ ಬಿಚ್ಚುತ್ತಿದ್ದಾರೆ. ಭಾಷೆ ಬದಲಾಯಿತು, ಕೂತ ಜಾಗ ಬದಲಾಗಲಿಲ್ಲ.

ನಮ್ಮ ಕಂಟ್ರೋಲರ್‌ಗೆ ನಾನು ಸ್ಟಾರ್ ಕೊಡುವುದಿಲ್ಲ, ಎಂಟು ತಿಂಗಳ ಲೆಕ್ಕ ಕೊಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಡಾಂಗಲ್ ಹಾಕಿದರೆ ಚೆನ್ನಾಗಿ ಆಡುತ್ತದೆ, ವಾಲಿಸಿ ಗುರಿಯಿಡಲಾಗದು. ಫೋನಿನಲ್ಲಿ ಆರರಲ್ಲಿ ನಾಲ್ಕಕ್ಕೆ ಹೊಂದಿತು, ನಡುಗಿದ್ದು ಒಂದರಲ್ಲಿ. ಸ್ವಿಚ್‌ನಲ್ಲಿ ಒಂದು ಅಪ್‌ಡೇಟ್ ಆದಮೇಲೆ ಸತ್ತಿತ್ತು. ಕಂಪನಿಯ ತಂತ್ರಾಂಶವನ್ನು ಲ್ಯಾಪ್‌ಟಾಪಿನಿಂದ ಹಾಕಿದ ಮೇಲೆ ಮೂರು ವಾರ ತಡವಾಗಿ ಬದುಕಿತು, ಆದರೆ ಯಂತ್ರವನ್ನು ನಿದ್ದೆಯಿಂದ ಎಬ್ಬಿಸಲಾರದು. ಪಿಎಸ್4ರಲ್ಲಿ ಎಲ್ಲವೂ ಸರಿ. ನಲವತ್ತು ಡಿಗ್ರಿ ದಾಟಿದ ಏಪ್ರಿಲ್ ಮೇ ಕಳೆದ ಮೇಲೆ ಹತ್ತು ಗಂಟೆ ಬರುತ್ತಿದ್ದ ಬ್ಯಾಟರಿ ಆರೂವರೆಗೆ ಇಳಿಯಿತು. ಹಿಡಿಕೆಯ ರಬ್ಬರು ಬೆವರಿಗೆ ಅಂಟಂಟಾಗಿದೆ. ಎಡ ಸ್ಟಿಕ್ ರಿಪೇರಿಯವರು ಹಾಕಿದ್ದು, ಬಲದ್ದು ಮೊನ್ನೆಯಿಂದ ಸ್ವಲ್ಪ ವಾಲುತ್ತಿದೆ. ಬೆನ್ನಿನ ಎರಡು ಬಟನ್‌ಗಳು ಹೊಸದರಂತೆಯೇ ಇವೆ, ಸಿರುಗುಪ್ಪದವನು ಈಗಲೂ ಗೆಲ್ಲುತ್ತಿದ್ದಾನೆ.