‘ಇಲ್ಲ’ ಎನ್ನದವರ ಹೆಗಲ ಮೇಲೆ

ಪ್ರತಿ ಕಚೇರಿಯಲ್ಲೂ ಅಂಥವರೊಬ್ಬರು ಇರುತ್ತಾರೆ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಫ್ಟ್‌ವೇರ್ ಹೇಳಿಕೊಡುವವರು, ರಜೆ ಹಾಕಿದವರ ಕಡತವನ್ನೂ ನೋಡಿಬಿಡುವವರು, ಬೀಳ್ಕೊಡುಗೆಗೆ ಚಂದಾ ಎತ್ತಿ ಹಾರ ತರಿಸುವವರು. ಅವರ ಬಗ್ಗೆ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ‘ಪಾಪ, ಅವರ ಸ್ವಭಾವವೇ ಹಾಗೆ, ಯಾರಿಗೂ ಇಲ್ಲ ಅನ್ನಲ್ಲ.’ ಹೊಗಳಿಕೆಯಂತೆ ಕೇಳಿಸುವ ಈ ಮಾತಿನಲ್ಲೇ ಅವರಿಗಾಗುವ ಅನ್ಯಾಯದ ಬೇರಿದೆ. ಸ್ವಭಾವ ಎಂದುಬಿಟ್ಟ ಮೇಲೆ ಅದಕ್ಕೆ ತಗಲುವ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಬಡ್ತಿಯ ವೇಳೆ ಅದು ಲೆಕ್ಕಕ್ಕೂ ಬರುವುದಿಲ್ಲ.

ಸ್ವಭಾವದ ಪಾತ್ರ ಖಂಡಿತ ಇದೆ. ಉದ್ಯೋಗದ ಕರಾರಿನಲ್ಲಿ ಬರೆಯದ, ಯಾರೂ ಆದೇಶಿಸದ ಇಂಥ ನೆರವನ್ನು ಅಮೆರಿಕದ ಡೆನಿಸ್ ಆರ್ಗನ್ ಮತ್ತು ಸಂಗಡಿಗರು 1983ರಲ್ಲಿ ಸಂಸ್ಥೆಯೊಳಗಿನ ‘ಪೌರ ನಡವಳಿಕೆ’ ಎಂದು ಕರೆದು ಅಧ್ಯಯನದ ವಸ್ತುವಾಗಿಸಿದರು. ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯುವ ಐದು ಗುಣಗಳಲ್ಲಿ ಎರಡಕ್ಕೆ ಇದರೊಂದಿಗೆ ನಂಟು ಕಂಡಿದೆ. ಹೊಂದಿಕೊಂಡು ಹೋಗುವ ಸೌಜನ್ಯ ಹೆಚ್ಚಾಗಿ ಪಕ್ಕದ ಮೇಜಿನವರಿಗೆ ಒದಗಿದರೆ, ಕರ್ತವ್ಯನಿಷ್ಠೆ ಹೆಚ್ಚಾಗಿ ಸಂಸ್ಥೆಗೆ ಒದಗುತ್ತದೆ. ಆದರೆ ಈ ನಂಟು ಸಾಧಾರಣದ್ದು. 1995ರಲ್ಲಿ ಆರ್ಗನ್ ಮತ್ತು ಕ್ಯಾಥರೀನ್ ರಯಾನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಕೆಲಸದ ತೃಪ್ತಿ ಮತ್ತು ‘ನನ್ನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಿದ್ದಾರೆ’ ಎಂಬ ನಂಬಿಕೆಯೇ ಹುಟ್ಟುಗುಣಕ್ಕಿಂತ ಹೆಚ್ಚು ತೂಗಿತು. ನಂತರದ ಸಂಶೋಧನೆಗಳು ಗುಣಗಳಿಗೆ ಇನ್ನಷ್ಟು ಬೆಲೆ ಕೊಟ್ಟಿವೆಯಾದರೂ ಸ್ವಭಾವವೇ ಸರ್ವಸ್ವ ಎಂದು ಹೇಳಿಲ್ಲ.

ಹೊತ್ತಿನ ಒತ್ತಡ ಏನು ಮಾಡುತ್ತದೆ ಎಂಬುದಕ್ಕೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಪ್ರಿನ್ಸ್‌ಟನ್‌ನ ದೇವತಾಶಾಸ್ತ್ರ ವಿದ್ಯಾರ್ಥಿಗಳು ಭಾಷಣ ಮಾಡಲು ಹೋಗುವ ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕೂತಿದ್ದ. ಅವಸರವಿಲ್ಲದವರಲ್ಲಿ ಶೇ 63ರಷ್ಟು ಮಂದಿ ನಿಂತು ವಿಚಾರಿಸಿದರು. ತಡವಾಯಿತೆಂದು ಧಾವಿಸುತ್ತಿದ್ದವರಲ್ಲಿ ಶೇ 10 ಮಾತ್ರ. ಯಾರು ನಿಲ್ಲುತ್ತಾರೆ ಎಂಬುದನ್ನು ಅವರ ಧಾರ್ಮಿಕ ಮನೋಭಾವ ಸೂಚಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಲಿಂಡಾ ಬ್ಯಾಬ್‌ಕಾಕ್ ಮತ್ತು ಮೂವರು ಸಹ ಸಂಶೋಧಕಿಯರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಮೂವರ ಗುಂಪು, ಎರಡು ನಿಮಿಷದ ಗಡುವು. ಯಾರಾದರೂ ಒಬ್ಬರು ಗುಂಡಿ ಒತ್ತಬೇಕು. ಒತ್ತಿದವರಿಗೆ 1.25 ಡಾಲರ್, ಉಳಿದಿಬ್ಬರಿಗೆ ತಲಾ 2 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ ಒಂದೊಂದೇ. ಗಂಡಸರು, ಹೆಂಗಸರು ಬೆರೆತ ಗುಂಪುಗಳಲ್ಲಿ ಹೆಂಗಸರೇ ಶೇ 48ರಷ್ಟು ಹೆಚ್ಚು ಬಾರಿ ಒತ್ತಿದರು. ‘ಹೆಣ್ಣಿನ ಸ್ವಭಾವವೇ ಅಲ್ಲವೇ’ ಎನ್ನುವವರು ಮುಂದಿನ ಫಲಿತಾಂಶ ನೋಡಬೇಕು. ಬರೀ ಗಂಡಸರಿದ್ದ ಗುಂಪುಗಳಲ್ಲಿ, ಹೆಂಗಸರಷ್ಟೇ ಇದ್ದ ಗುಂಪುಗಳಿಗೆ ಸಮವಾಗಿ ಗುಂಡಿ ಒತ್ತಲಾಯಿತು. ಅವರಿಗೂ ಬರುತ್ತಿತ್ತು, ಮಾಡುವವರು ಬೇರೆ ಯಾರೋ ಇದ್ದಾರೆ ಎನಿಸಿದಾಗ ಕಾದು ಕೂತರು, ಅಷ್ಟೇ. ಇನ್ನೊಂದು ಪ್ರಯೋಗದಲ್ಲಿ, ಯಾರನ್ನು ಕೇಳಬೇಕೆಂಬ ಆಯ್ಕೆಯನ್ನು ಒಬ್ಬರಿಗೆ ವಹಿಸಿದಾಗ ಹೆಂಗಸರಿಗೆ ಬಂದ ಕೋರಿಕೆಗಳು ಶೇ 44ರಷ್ಟು ಹೆಚ್ಚು. ಕೇಳಿದವರಲ್ಲಿ ಹೆಂಗಸರೂ ಇದ್ದರು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎಂಬ ನಮ್ಮ ಗಾದೆ ನೆನಪಾಗುತ್ತದೆ.

ಹಾಗಾಗಿ, ನೇಮಕಾತಿಯಲ್ಲಿ ವ್ಯಕ್ತಿತ್ವ ಪರೀಕ್ಷೆ ನಡೆಸಿ ‘ಸಹಕಾರ ಮನೋಭಾವದವರು ಬೇಕು’ ಎನ್ನುವ ಸಂಸ್ಥೆಗಳ ಬಗ್ಗೆ ನನಗೆ ಅನುಮಾನವಿದೆ. ಅಂಥವರನ್ನು ಆರಿಸಿ ತಂದು, ಉಳಿದವರು ಬಿಟ್ಟ ಕೆಲಸವನ್ನೆಲ್ಲ ಅವರ ಮೇಜಿಗೆ ತಳ್ಳಿ, ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ‘ಗುರಿ ತಲುಪಿಲ್ಲ’ ಎಂದು ಬರೆದರೆ ಆ ಸೌಜನ್ಯ ಎಷ್ಟು ದಿನ ಬಾಳೀತು? ಹೊಸಬರಿಗೆ ಕಲಿಸಲು ಹಿಡಿದ ಗಂಟೆಗಳನ್ನು ಕೆಲಸವೆಂದೇ ಬರೆದಿಡಬೇಕು. ಸಭೆಯ ಟಿಪ್ಪಣಿ, ಸಮಾರಂಭದ ಓಡಾಟ ಸರದಿಯಲ್ಲಿ ಬರಬೇಕು. ‘ಯಾರು ಮಾಡ್ತೀರಿ?’ ಎಂದು ಕೇಳಿ ಸುಮ್ಮನಾಗುವ ಆ ಎರಡು ನಿಮಿಷದಲ್ಲಿ ಯಾರ ಕೈ ಮೇಲೇಳುತ್ತದೆಂದು ಕೇಳುವವರಿಗೂ ಗೊತ್ತಿರುತ್ತದೆ. ಅದರ ಬದಲು ಚೀಟಿ ಎತ್ತಿಸಲಿ.